ಅವ್ವನ ಸೀಟು ಮತ್ತು ಕಾಚಂಪುಳಿ ಬಾಟಲಿ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. 2018ರ ಡಿಸೆಂಬರಿನಲ್ಲಿ ಪಕ್ಕದ ಕೇರಳದ ಕಣ್ಣೂರಿನದು ಶುರುವಾಯಿತು. ವಿರಾಜಪೇಟೆ ಕಡೆಯ ನಮಗೆ ಮಾಕುಟ್ಟ ಘಾಟಿ ಇಳಿದರೆ ಅದೇ ಹತ್ತಿರ.

ಹೋದ ತಿಂಗಳು ಅವ್ವನನ್ನು ಕರೆದುಕೊಂಡು ತಂಗಿ ಮನೆಗೆ ಹೊರಟೆ. ಚೆಕ್-ಇನ್‌ಗೆ ತಲಾ 15 ಕೆಜಿ, ಕೈಚೀಲಕ್ಕೆ 7 ಕೆಜಿ. ಅವ್ವ ಕಾಫಿ ಪುಡಿ, ಕರಿಮೆಣಸು, ಕಡಂಬುಟ್ಟಿಗೆ ಅಕ್ಕಿ ತರಿ ಎಲ್ಲಾ ತುಂಬಿಸಿದ್ದರು. ಕಾಚಂಪುಳಿ ಬಾಟಲಿಗೆ ಪ್ಲಾಸ್ಟಿಕ್ ಕಟ್ಟಿ, ಹಳೇ ಟವೆಲ್ ಸುತ್ತಿ, ಸೀರೆಗಳ ನಡುವೆ ಇಟ್ಟಿದ್ದರು. ಆ ಕಪ್ಪು ಹುಳಿ ಸೋರಿದರೆ ಕಲೆ ಹೋಗಲ್ಲ.

ಕೌಂಟರಿನಲ್ಲಿ ಎರಡೂ ಬ್ಯಾಗ್ ಸೇರಿ 33 ಕೆಜಿ ಬಂತು. ಮೂರು ಕೆಜಿಗೆ ದುಡ್ಡು ಕಟ್ಟಿದೆ. ಮೊದಲೇ ಆನ್‌ಲೈನಿನಲ್ಲಿ ಕಟ್ಟಿದ್ದರೆ ಕಡಿಮೆ ಆಗುತ್ತಿತ್ತು. ಮನೆಯಲ್ಲೇ ತೂಕ ನೋಡಿ, ದಯವಿಟ್ಟು.

ತೂಕದ ದುಡ್ಡಿಗೆ ನನ್ನ ತಕರಾರಿಲ್ಲ. ಭಾರ ಜಾಸ್ತಿಯಾದರೆ ಇಂಧನವೂ ಜಾಸ್ತಿ ಬೇಕು. ಬೇಜಾರಾಗಿದ್ದು ಸೀಟಿನ ವಿಷಯಕ್ಕೆ. ಸೀಟು ಆರಿಸಲು ಬೇರೆ ದುಡ್ಡು ಕಟ್ಟಿರಲಿಲ್ಲ. ಒಂದೇ ಟಿಕೆಟ್ಟಿನಲ್ಲಿದ್ದರೂ ಅವ್ವನಿಗೆ 24ನೇ ಸಾಲು, ನನಗೆ 9. ಅವ್ವನಿಗೆ 76 ವರ್ಷ, ಮೊದಲ ವಿಮಾನ ಪ್ರಯಾಣ. ಬೆಲ್ಟ್ ಹಾಕಲು ಬಾರದೆ ಅದರ ಎರಡೂ ತುದಿ ಹಿಡಿದು ಕೂತಿದ್ದರು. ಪಕ್ಕದ ಹುಡುಗ ಹಾಕಿಕೊಟ್ಟ, ಆಮೇಲೆ ನನಗೆ ಜಾಗವನ್ನೂ ಬಿಟ್ಟುಕೊಟ್ಟ.

12 ವರ್ಷದೊಳಗಿನ ಮಕ್ಕಳನ್ನು ಒಂದೇ ಟಿಕೆಟ್ಟಿನ ಅಪ್ಪ ಅಥವಾ ಅಮ್ಮನ ಪಕ್ಕ ಕೂರಿಸಬೇಕೆಂದು ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರಲ್ಲೇ ಹೇಳಿದೆ. ಅವ್ವನಂಥವರಿಗೂ ಅಷ್ಟು ಮಾಡಬಹುದಲ್ವಾ?

ವಾಪಸ್ ಬರುವಾಗ ದುಡ್ಡು ಕೊಟ್ಟೇ ಅಕ್ಕಪಕ್ಕದ ಸೀಟು ಹಿಡಿದೆ. ಕಿಟಕಿ ಅವ್ವನಿಗೆ.