ಕಾರವಾರಕ್ಕೆ ಒಗ್ಗದ ಟೈಡ್ ಕ್ಲಾಕ್: ಮುಳ್ಳು ಕಿತ್ತು ಕೋಡ್ ಹಾಕಿದ್ದು

ಸಮುದ್ರದ ಭರತ-ಇಳಿತದ ಹೊತ್ತು ತೋರಿಸುವ ಗೋಡೆ ಟೈಡ್ ಕ್ಲಾಕ್‌ನ ಮಷಿನ್ ಕೊನೆಗೂ ಕಸದ ಬುಟ್ಟಿಗೆ. ಪೆಟ್ಟಿಗೆ ಮಾತ್ರ ಹಳೆಯದು, ಒಳಗೆ ಇಎಸ್‌ಪಿ32 (ಲೆಕ್ಕ ಮಾಡುವ ಚಿಪ್), ಡಿಎಸ್3231 (ಗಡಿಯಾರದ ಚಿಪ್), 2.9 ಇಂಚಿನ ಇ-ಪೇಪರ್ ಪರದೆ. ಬೆಸುಗೆ, ವೈರಿಂಗ್ ಮಾಮೂಲು. ತಲೆ ತಿಂದದ್ದು ಒಂದೇ: ಇಲ್ಲಿ ದಿನದ ಎರಡು ಇಳಿತಗಳು ಒಂದೇ ಸಮ ಇರುವುದಿಲ್ಲ.

ಆ ಮಷಿನ್‌ನ ಮುಳ್ಳು 12 ಗಂಟೆ 25 ನಿಮಿಷಕ್ಕೊಂದು ಸುತ್ತು ಹಾಕುತ್ತದೆ, ಅಷ್ಟೇ ಅದರ ಬುದ್ಧಿ. ಅಟ್ಲಾಂಟಿಕ್ ದಂಡೆಗೆ ಅದು ಸಾಕು. ನಮ್ಮ ಕರಾವಳಿಯಲ್ಲಿ ದಿನಕ್ಕೊಮ್ಮೆ ಏರಿಳಿಯುವ ಅಲೆಯ ಪಾಲೂ ದೊಡ್ಡದು. ಹುಣ್ಣಿಮೆಯಂದು ಹೊಂದಿಸಿದ ಮುಳ್ಳು ಅಷ್ಟಮಿಯ ಹೊತ್ತಿಗೆ ಗಂಟೆಗೂ ಮೀರಿ ತಪ್ಪುತ್ತದೆ. ಇಳಿತದಲ್ಲಿ ಬಂಡೆ ಹೊಂಡ ನೋಡಲು ಹೊರಟವರಿಗೆ ಸೊಂಟದ ನೀರು!

ಹಾಗಾಗಿ ಹಾರ್ಮೋನಿಕ್ ಲೆಕ್ಕ: ಚಂದ್ರ, ಸೂರ್ಯರ ಸೆಳೆತದಿಂದ ಏಳುವ ಬೇರೆ ಬೇರೆ ಅವಧಿಯ ಅಲೆಗಳನ್ನು ಕೂಡಿಸುವುದು. ಮೊದಲ ಸುತ್ತಿಗೆ ಎಂ2 (12.42 ಗಂಟೆ), ಎಸ್2 (12.00), ಎನ್2 (12.66), ಕೆ1 (23.93), ಓ1 (25.82). ಮೊದಲ ದಿನವೇ ಭರತದ ಹೊತ್ತಿಗೆ ಇಳಿತ ತೋರಿಸಿತು. ಫೇಸ್ (ಪ್ರತಿ ಅಲೆ ತುದಿಗೇರುವ ಹೊತ್ತಿನ ಅಂಕಿ) ಗ್ರೀನ್‌ವಿಚ್ ಲೆಕ್ಕದ್ದು, ಗಡಿಯಾರ ಭಾರತೀಯ ಸಮಯದ್ದು. ಐದೂವರೆ ಗಂಟೆ ಅಂದರೆ ಹೆಚ್ಚುಕಡಿಮೆ ಅರ್ಧ ಚಕ್ರ. ತಪ್ಪು ಅಷ್ಟು ದೊಡ್ಡದಿದ್ದರೆ ಒಳ್ಳೆಯದೇ, ಬೇಗ ಸಿಗುತ್ತದೆ.

ಕಾಡಿದ್ದು ಅದರ ನಂತರದ್ದು. ಸಮಯ ಹೆಚ್ಚುಕಡಿಮೆ ಕೂಡಿತು, ಎತ್ತರ ಕೂಡಲಿಲ್ಲ. ಸರ್ವೆ ಆಫ್ ಇಂಡಿಯಾದ ಟೈಡ್ ಟೇಬಲ್‌ಗೆ ಹೋಲಿಸಿದರೆ ಡಿಸೆಂಬರ್‌ನಲ್ಲಿ ಎರಡು ಇಳಿತಗಳ ನಡುವಿನ ಅಂತರ ಕಡಿಮೆ ಬಂತು, ಮಾರ್ಚ್‌ನಲ್ಲಿ ಜಾಸ್ತಿ. ಕೋಡ್ ಎಷ್ಟು ಸಲ ತಿರುವಿದರೂ ಅದೇ ಕಥೆ. ಕಳ್ಳ ಪಿ1 (24.07 ಗಂಟೆ). ಇದರ ಎತ್ತರ ಕೆ1ರ ಮೂರನೇ ಒಂದರಷ್ಟು. ಜೂನ್, ಡಿಸೆಂಬರ್‌ನಲ್ಲಿ ಕೆ1ಕ್ಕೆ ಕೂಡುತ್ತದೆ, ಮಾರ್ಚ್, ಸೆಪ್ಟೆಂಬರ್‌ನಲ್ಲಿ ಕಳೆಯುತ್ತದೆ. ಒಂದೇ ತಿಂಗಳ ಡೇಟಾ ಇಟ್ಟುಕೊಂಡು ನೋಡಿದರೆ ಎರಡನ್ನೂ ಬೇರ್ಪಡಿಸಲಾಗದು. ಪಿ1, ಜೊತೆಗೆ ಕೆ2 ಎಂಬ ಇನ್ನೊಂದು ಅಲೆ ಸೇರಿಸಿದ ಮೇಲೆ ಗ್ರಾಫ್ ಮೇಲೆ ಗ್ರಾಫ್ ಕೂತಿತು. ನೋಡಲ್ ತಿದ್ದುಪಡಿ (ಚಂದ್ರನ ಕಕ್ಷೆ ನಿಧಾನವಾಗಿ ತಿರುಗುವುದರ ಲೆಕ್ಕ) ವರ್ಷಕ್ಕೊಮ್ಮೆ ಬದಲಿಸಬೇಕು. ಬಿಟ್ಟರೆ ಓ1 ಶೇ. 18ರವರೆಗೂ ಸುಳ್ಳು ಹೇಳುತ್ತದೆ.

ಈಗ ಪರದೆ ತೋರಿಸುವುದು ಇಳಿತದ ಗಳಿಗೆಯನ್ನಲ್ಲ, ನೀರು 0.4 ಮೀಟರ್‌ಗಿಂತ ಕೆಳಗಿರುವ ಅವಧಿಯನ್ನು. ಈ ಅಂಕಿ ಚಾರ್ಟ್ ಡೇಟಮ್‌ನಿಂದ, ಅಂದರೆ ಟೇಬಲ್‌ನ ಸೊನ್ನೆ ಮಟ್ಟದಿಂದ. ನಿಮ್ಮ ಬಂಡೆಗೆ ಬೇರೆಯೇ ಇರಬಹುದು, ಒಂದು ಶಾಂತ ದಿನ ಗುರುತು ಹಾಕಿ ನೋಡಿ. ಅವಧಿಯ ಶುರುವಿಗೇ ಹೋಗಿ, ನೀರು ತೀರಾ ಕೆಳಗಿಳಿದ ಹೊತ್ತಿಗೆ ವಾಪಸ್ ತಿರುಗಿ. ಇಳಿತವಾಗಿ ಮೂರನೇ, ನಾಲ್ಕನೇ ಗಂಟೆಯಲ್ಲಿ ನೀರು ಓಡಿ ಬರುತ್ತದೆ. ಒತ್ತಡ 1 ಹೆಕ್ಟೋಪಾಸ್ಕಲ್ ಕುಸಿದರೆ ಮಟ್ಟ 1 ಸೆಂ.ಮೀ. ಏರುತ್ತದೆ, ಇದು ಯಾವ ಟೇಬಲ್‌ನಲ್ಲೂ ಇರುವುದಿಲ್ಲ. ಚಳಿಗಾಲದಲ್ಲಿ ದೊಡ್ಡ ಇಳಿತ ಸಂಜೆ, ಮೇನಲ್ಲಿ ಬೆಳಗಿನ ಜಾವ. ನಿದ್ರೆಪ್ರಿಯರು ಚಳಿಗಾಲ ನೋಡಿಕೊಳ್ಳಿ.

ಡಿಎಸ್3231 ಮಾರುವವರ ಬಗ್ಗೆ ಒಂದು ಗೊಣಗಾಟ: ಬೋರ್ಡಿನಲ್ಲಿ ಚಾರ್ಜಿಂಗ್ ಸರ್ಕ್ಯೂಟ್, ಜೊತೆಗೆ ಕೊಡುವುದು ಚಾರ್ಜ್ ಆಗದ ಸಿಆರ್2032. 5 ವೋಲ್ಟ್ ಕೊಡುವವರು ಡಯೋಡ್ ಪಕ್ಕದ 200 ಓಮ್ ರೆಸಿಸ್ಟರ್ ಕಿತ್ತುಬಿಡಿ, ಇಲ್ಲವಾದರೆ ಸೆಲ್ ಉಬ್ಬುತ್ತದೆ.

ಮುಂದಿನದು ಮಟ್ಟಮಾಪಕ: 110 ಮಿ.ಮೀ. ಪಿವಿಸಿ ಪೈಪ್, ಕೆಳಗೆ 5 ಮಿ.ಮೀ. ತೂತು, ಮೇಲೆ ಜೆಎಸ್‌ಎನ್-ಎಸ್‌ಆರ್04ಟಿ (ಶಬ್ದದ ಅಲೆಯಿಂದ ದೂರ ಅಳೆಯುವ ಸೆನ್ಸರ್). ಈ ಸೆನ್ಸರ್‌ಗೆ 20-25 ಸೆಂ.ಮೀ. ಹತ್ತಿರದ್ದು ಕಾಣುವುದೇ ಇಲ್ಲ, ಹಾಗಾಗಿ ದೊಡ್ಡ ಭರತದ ಗೆರೆಗಿಂತ ಕನಿಷ್ಠ ಅರ್ಧ ಮೀಟರ್ ಮೇಲೆ ಕೂರಿಸಬೇಕು. ತೂತಿಗೆ ಬಾರ್ನಕಲ್ (ಬಂಡೆಗೆ ಅಂಟುವ ಚಿಪ್ಪುಜೀವಿ) ಕಟ್ಟದಂತೆ ತಾಮ್ರದ ಪಟ್ಟಿ ಸುತ್ತುವ ಯೋಚನೆ ಇದೆ. ಪೈಪ್ ಈಗಾಗಲೇ ಕತ್ತರಿಸಿ ಬಿದ್ದಿದೆ.