ಬಾಡಿಗೆ 5ನೇ ತಾರೀಕಿಗೆ, ರೊಕ್ಕ ಸುಗ್ಗಿಗೆ

ಬೆಂಗಳೂರಿನಲ್ಲಿ ಓದೋಕೆ ತಿಂಗಳಿಗೆ ಎಷ್ಟು ಬೇಕಾಗುತ್ತೆ ಅಂತ ಊರಿನ ಹುಡುಗಿಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ನನಗೆ ಬಾಡಿಗೆ, ಊಟ, ಫೋನು, ಜೆರಾಕ್ಸು ಎಲ್ಲ ಸೇರಿ 8,000 ರೂಪಾಯಿ ಆಸುಪಾಸು ಆಗುತ್ತದೆ. ಅದನ್ನು ಹೇಳಿ, ತಕ್ಷಣ ನಾನೂ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಗೆ ದುಡ್ಡು ಯಾವ ತಿಂಗಳಲ್ಲಿ ಬರುತ್ತದೆ?

ನಮ್ಮದು ಗದಗ ಜಿಲ್ಲೆ. ಎರೆ ಹೊಲ, ಮಳೆ ನಂಬಿದ ಬೇಸಾಯ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹೆಸರುಕಾಳು ಮಾರಿದರೆ ಒಂದಿಷ್ಟು ರೊಕ್ಕ. ಆಮೇಲೆ ಜನವರಿಯಿಂದ ಮಾರ್ಚ್ ಒಳಗೆ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋದರೆ ಮತ್ತೊಂದಿಷ್ಟು. ನಡುವಿನ ತಿಂಗಳುಗಳಲ್ಲಿ ಅಪ್ಪನಿಗೆ ಫೋನ್ ಮಾಡಿದರೆ ಬರುವ ಉತ್ತರ ಒಂದೇ: "ಮೆಣಸಿನಕಾಯಿ ಪ್ಯಾಟಿಗೆ ಹೋಗ್ಲಿ ಬಿಡವ್ವ, ಕಳಸ್ತೇನಿ." ಇಲ್ಲಿ ಬಾಡಿಗೆ ಮಾತ್ರ ಪ್ರತಿ ತಿಂಗಳು 5ನೇ ತಾರೀಕಿಗೆ ಕಟ್ಟಬೇಕು. ರೇಟು ಬಿದ್ದ ವರ್ಷ ಇನ್ನೂ ಕಷ್ಟ. 2024ರ ಮಾರ್ಚಿನಲ್ಲಿ ಬೆಲೆ ಕುಸಿದಾಗ ಬ್ಯಾಡಗಿಯಲ್ಲಿ ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದು ನಿಮಗೂ ನೆನಪಿರಬಹುದು. ನಮ್ಮ ಕಡೆ ಎಷ್ಟೋ ಮನೆಗಳ ಕಾಲೇಜು ಫೀಸು ಆ ಮೆಣಸಿನಕಾಯಿ ಚೀಲಗಳಲ್ಲೇ ಇರುತ್ತದೆ.

ಶುರುವಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ಹತ್ತಿರ ಒಂದು ಪಿಜಿಯಲ್ಲಿದ್ದೆ. ತ್ರೀ ಶೇರಿಂಗ್, ಊಟ ಸೇರಿ 7,000. ಬಾಡಿಗೆ ತಡವಾದರೆ ಫೈನು. ಬಿಡುವಾಗ ಮೇಂಟೆನೆನ್ಸ್ ಅಂತ ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಅಲ್ಲೇ ಪರಿಚಯವಾದ ಇಬ್ಬರು ಗೆಳತಿಯರ ಜೊತೆ ಸೇರಿ ಮಲ್ಲತ್ತಹಳ್ಳಿಯಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದೆವು. ಬಾಡಿಗೆ 12,000, ಅಡ್ವಾನ್ಸ್ 60,000.

ನಮ್ಮ ಮೂವರ ಮನೆಗಳಿಗೂ ದುಡ್ಡು ಬರುವ ಹೊತ್ತು ಬೇರೆ ಬೇರೆ. ರಾಮನಗರದವಳ ಮನೆಯಲ್ಲಿ ರೇಷ್ಮೆ. ವರ್ಷದಲ್ಲಿ ಹಲವು ಬೆಳೆ ತೆಗೆಯುತ್ತಾರೆ, ಗೂಡು ಮಾರಿದಾಗೆಲ್ಲ ಕೈಯಲ್ಲಿ ದುಡ್ಡು ಆಡುತ್ತದೆ. ಹಾಸನದವಳ ತಂದೆ ಬಸ್ ಕಂಡಕ್ಟರ್, ತಿಂಗಳ ಸಂಬಳ. ನನ್ನದು ವರ್ಷಕ್ಕೆ ಎರಡೇ ಸಲ. ಹಾಗಾಗಿ ಪ್ರತಿ ತಿಂಗಳು ಮೂರು ಪಾಲು ಹಾಕುವುದನ್ನೇ ಬಿಟ್ಟೆವು. ಯಾರ ಕೈಯಲ್ಲಿ ಇದೆಯೋ ಅವರು ಕಟ್ಟುವುದು, ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಸೆಮಿಸ್ಟರ್ ಕೊನೆಗೆ ಲೆಕ್ಕ ಚುಕ್ತಾ ಮಾಡುವುದು. ಅಕ್ಟೋಬರಿನಿಂದ ಜನವರಿವರೆಗೆ ನನ್ನ ಕಾಲಮ್ಮು ಹೆಚ್ಚುಕಮ್ಮಿ ಖಾಲಿ. ಮೆಣಸಿನಕಾಯಿ ಮಾರಿದ ಮೇಲೆ ಪೂರ್ತಿ ಬಾಡಿಗೆಯನ್ನು ಕೆಲವು ತಿಂಗಳು ನಾನೊಬ್ಬಳೇ ಕಟ್ಟುತ್ತೇನೆ.

ಇದಕ್ಕೆ ಒಂದು ಕರಾರು ಇದೆ. ಯಾವ ತಿಂಗಳು ಕೈ ಖಾಲಿ ಅಂತ ಮೊದಲೇ ಹೇಳಿಬಿಡಬೇಕು. ಒಮ್ಮೆ ಹೇಳಿದ ಮೇಲೆ ಆ ತಿಂಗಳು "ನಿಂದು ಯಾವಾಗ ಬರುತ್ತೆ?" ಅಂತ ಉಳಿದವರು ಕೇಳಬಾರದು. ದುಡ್ಡು ಇಲ್ಲದ್ದಕ್ಕಿಂತ ಆ ಪ್ರಶ್ನೆಗೆ ಹೆದರಿ ಊಟ ಬಿಟ್ಟವರನ್ನು ನಾನು ಪಿಜಿಯಲ್ಲಿ ನೋಡಿದ್ದೇನೆ. ನಮ್ಮ ಮನೆಯಲ್ಲಿ ಅದು ಆಗಬಾರದು.

ನಾನು ದುಡ್ಡು ಕೊಡಲಾಗದ ತಿಂಗಳಲ್ಲೂ ನಮ್ಮೂರ ಮನೆಯಲ್ಲಿ ಜೋಳ ಇರುತ್ತದೆ. ಅವ್ವ ಕಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ ಕಟ್ಟಿ ಕಳಿಸುತ್ತಾಳೆ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಊರಿನವರು ಯಾರಾದರೂ ಬರುತ್ತಲೇ ಇರುತ್ತಾರೆ. ತೇವ ತಾಗದ ಹಾಗೆ ಡಬ್ಬಿಯಲ್ಲಿಟ್ಟರೆ ಆ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ರಾತ್ರಿಯ ಊಟ ಆಯಿತು. ನೋಟ್‌ಬುಕ್ಕಿನಲ್ಲಿ ಇದಕ್ಕೂ ಬೆಲೆ ಹಾಕಬೇಕು ಅಂತ ಗೆಳತಿಯರೇ ಹಟ ಹಿಡಿದರು. ಈಗ ನನ್ನ ಕಾಲಮ್ಮಿನಲ್ಲಿ ರೊಟ್ಟಿಯ ಲೆಕ್ಕವೂ ಇದೆ. ಹೊರಗಿದ್ದಾಗ ಹತ್ತಿರ ಇಂದಿರಾ ಕ್ಯಾಂಟೀನ್ ಕಂಡರೆ 10 ರೂಪಾಯಿಗೆ ಮಧ್ಯಾಹ್ನದ ಊಟ.

ಓಡಾಟಕ್ಕೆ ಖರ್ಚೇ ಇಲ್ಲ ಅನ್ನಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ವಾ, ಆಧಾರ್ ತೋರಿಸಿದರೆ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ಉಚಿತ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ, ಪರೀಕ್ಷೆಯ ದಿನ ಬಿಟ್ಟರೆ ನಾವು ಮೆಟ್ರೊ ಹತ್ತುವುದಿಲ್ಲ. ಟ್ರಾಫಿಕ್‌ನಲ್ಲಿ ಜಾಸ್ತಿ ಹೊತ್ತು ಹೋಗುತ್ತದೆ, ನಿಜ. ಬಾಡಿಗೆ ಮನೆಗೂ ಗೃಹಜ್ಯೋತಿಯ ಉಚಿತ ಕರೆಂಟ್ ಸಿಗುತ್ತದೆ. ಆದರೆ ಆ ಮೀಟರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿದ್ದರೆ ಮೊದಲು ಡಿಲಿಂಕ್ ಮಾಡಿಸಬೇಕು. ಮನೆ ನೋಡಲು ಹೋದಾಗಲೇ ಇದನ್ನು ವಿಚಾರಿಸಿ.

ಸ್ಕಾಲರ್‌ಶಿಪ್ ವಿಚಾರ ಸ್ವಲ್ಪ ಒತ್ತಿ ಹೇಳಬೇಕು. 2021ರಲ್ಲಿ ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ ಬಂದಾಗ ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ಅಂತ ಇತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಶುರುವಾದಾಗ ತಿಂಗಳಿಗೆ 1,500ರಂತೆ 10 ತಿಂಗಳು ಕೊಡುತ್ತಿದ್ದರು. ನಿಮಗೆ ಈಗ ಯಾವುದು ಸಿಗುತ್ತದೆ ಅಂತ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೋಡಿ, ಅರ್ಜಿ ಹಾಕಿ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರು ರೆಡಿ ಇರಲಿ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಜೋಡಣೆ, ಆಗಿರಲಿ. ಆದರೆ ಆ ದುಡ್ಡನ್ನು ಈ ವರ್ಷದ ಬಾಡಿಗೆಗೆ ನಂಬಬೇಡಿ. ಅದು ಬರುವಷ್ಟರಲ್ಲಿ ಎಷ್ಟೋ ಬಾಡಿಗೆ ಕಟ್ಟಿ ಆಗಿರುತ್ತದೆ. ನಮ್ಮಲ್ಲಿ ಯಾರ ಖಾತೆಗೆ ಬಂದರೂ ಅದು ಮುಂದಿನ ವರ್ಷದ ಫೀಸಿಗೆ ಅಂತ ಪಕ್ಕಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟ ಅಡ್ವಾನ್ಸಿನದು. ನಾವು ಮನೆ ಹಿಡಿದಾಗ ಹೆಸರು ಇನ್ನೂ ಹೊಲದಲ್ಲೇ ಇತ್ತು. ಮನೆ ಮಾಲೀಕರ ಹತ್ತಿರ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು: ಅರ್ಧ ಈಗ, ಇನ್ನರ್ಧ ದೀಪಾವಳಿಗೆ. ಅವರದೂ ಮಂಡ್ಯದ ಕಡೆ ಕಬ್ಬಿನ ಗದ್ದೆ ಇದೆಯಂತೆ. ಜಾಸ್ತಿ ಬಿಡಿಸಿ ಹೇಳಬೇಕಾಗಲಿಲ್ಲ. ಹೊಸದಾಗಿ ಬರುವವರು ನೀವೂ ಹೀಗೆ ಕೇಳಿ ನೋಡಿ. ಒಪ್ಪಿದರೆ ಎರಡು ಕಂತಿನ ಮೊತ್ತವನ್ನೂ ತಾರೀಕನ್ನೂ 11 ತಿಂಗಳ ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ, ಬಿಡುವಾಗ ಪೇಂಟಿಂಗಿಗೆ ಎಷ್ಟು ಮುರಿಯುತ್ತಾರೆ ಅನ್ನುವುದನ್ನೂ ಸೇರಿಸಿ.