ಚೌಕಾಬಾರದ ಮಣೆಯಲ್ಲಿ ವೈರಾಣು: ಕಡಿಮೆ ತೂಕದ ಕೂಸಿನ ಆವೃತ್ತಿ ಎಲ್ಲಿಗೆ ಬಂತು

ವೈರಾಣುವಿಗೂ ದೇಹಕ್ಕೂ ನಡೆಯುವ ಕಾಳಗವನ್ನು ಚೌಕಾಬಾರದ ಮಣೆಗೆ ತಂದು ನಾನು ಆಟವೊಂದನ್ನು ಕಟ್ಟುತ್ತಿದ್ದೇನೆ. ಆಟದ ತಿರುಳು ಹಳೆಯದೇ. ವೈರಾಣುವಿನ ಕಾಯಿಗಳು ಹೊರಸುತ್ತಿನಿಂದ ನುಗ್ಗಿ ನಡುಮನೆಯಲ್ಲಿ ಹಣ್ಣಾಗಬೇಕು, ದೇಹದ ಕಡೆಯವರು ಅವನ್ನು ಹೊಡೆಯಬೇಕು. ದೊಡ್ಡವರ ದೇಹದ ಮಣೆ ಮುಗಿದಿದೆ. ಈಗ ಕೈಗೆತ್ತಿಕೊಂಡಿರುವುದು 2,500 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಮಣೆ. ಎದುರಾಳಿ, ಎಳೆಯ ಶ್ವಾಸಕೋಶವನ್ನು ಹುಡುಕಿಕೊಂಡು ಬರುವ ಆರ್‌ಎಸ್‌ವಿ ಎಂಬ ವೈರಾಣು.

ದೇಹದ ಕಾಯಿಗಳನ್ನು ಅರ್ಧಕ್ಕೆ ಇಳಿಸಿಬಿಡು ಎಂದು ತಮ್ಮ ಸಲಹೆ ಕೊಟ್ಟ. ನಾನು ಒಪ್ಪಲಿಲ್ಲ. ನವಜಾತ ಶಿಶುವಿನ ರಕ್ತದಲ್ಲಿ ನ್ಯಾಚುರಲ್ ಕಿಲ್ಲರ್ ಕೋಶಗಳಿಗೆ ಬರವಿಲ್ಲ. ಸೋಂಕಿತ ಕೋಶವನ್ನು ಕೊಲ್ಲುವ ಕಸುವು ಮಾತ್ರ ಕಡಿಮೆ. ಹಾಗಾಗಿ ಕಾಯಿಗಳ ಸಂಖ್ಯೆ ಅಷ್ಟೇ ಉಳಿಯಿತು. ಹೊಡೆಯಬೇಕಾದರೆ ಮಾತ್ರ ಚೌಕವೋ ಬಾರವೋ ಬೀಳಲೇಬೇಕು.

ಕಾಯಿಗಳ ಜೊತೆಗೆ ದೇಹದ ಕಡೆಯವರಿಗೆ ನೆರವಾಗುವ ಚೀಟಿಗಳೂ ಆಟದಲ್ಲಿವೆ. ಹೆಚ್ಚು ತಲೆ ತಿಂದದ್ದು ಇಂಟರ್‌ಫೆರಾನ್ ಚೀಟಿ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆಯಲ್ಲಿ ಕಂಡುಕೊಂಡ ವಸ್ತು ಇದು: ಸೋಂಕು ತಗುಲಿದ ಕೋಶ ಇದನ್ನು ಸ್ರವಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ದೊಡ್ಡವರ ಮಣೆಯಲ್ಲಿ ವೈರಾಣು ಒಂದು ಮನೆ ಹೊಕ್ಕ ಕೂಡಲೇ ಸುತ್ತಲಿನ ಮನೆಗಳಿಗೆಲ್ಲ ಬೀಗ ಬೀಳುತ್ತದೆ. ಕೂಸಿನಲ್ಲಿ ವೈರಾಣುವಿನ ಆರ್‌ಎನ್‌ಎ ಪತ್ತೆಹಚ್ಚುವ ಟಿಎಲ್‌ಆರ್-7, ರಿಗ್-ಐ ಮುಂತಾದ ಪಹರೆಗಾರರೇನೋ ಇದ್ದಾರೆ, ಆದರೆ ಅವರ ಕೂಗಿಗೆ ಹೊರಬರುವ ಇಂಟರ್‌ಫೆರಾನ್ ಕಡಿಮೆ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಇನ್ನೂ ಕಡಿಮೆ. ಆದ್ದರಿಂದ ಇಲ್ಲಿ ಚೀಟಿ ಒಂದು ಸುತ್ತು ತಡವಾಗಿ ಬರುತ್ತದೆ, ಒಂದೇ ಮನೆಗೆ ಬೀಗ ಹಾಕುತ್ತದೆ.

ಇದನ್ನು ಬರೀ ಕೊರತೆಯೆಂದು ತೋರಿಸಿದರೆ ಆಟಕ್ಕೂ ಜೀವವಿಜ್ಞಾನಕ್ಕೂ ಅನ್ಯಾಯ. ಗರ್ಭದಲ್ಲಿ ಕೂಸು ತಾಯಿಯ ಕೋಶಗಳ ಮೇಲೆ ಎರಗಬಾರದು. ಹುಟ್ಟಿದ ಮೇಲೆ ಕರುಳಿಗೆ ಬಂದಿಳಿಯುವ ಬ್ಯಾಕ್ಟೀರಿಯಾಗಳನ್ನೆಲ್ಲ ಶತ್ರುವೆಂದು ಬಗೆಯಲೂ ಬಾರದು. ಅದಕ್ಕೆಂದೇ ನವಜಾತರ ರಕ್ತದಲ್ಲಿ ಅಡೆನೋಸಿನ್ ಎಂಬ ವಸ್ತು ಹೆಚ್ಚಿದ್ದು ಉರಿಯೂತವನ್ನು ಅದುಮಿ ಹಿಡಿದಿರುತ್ತದೆ. ಈ ತಡೆಯನ್ನು ಮಣೆಗೆ ತರಲು ‘ಉರಿ’ ಎಂಬ ನಿಯಮ ಸೇರಿಸಿದೆ: ದೇಹದ ಕಡೆಯವರು ಸತತವಾಗಿ ಹೊಡೆದರೆ ಅವರದೇ ಶ್ವಾಸಕೋಶದ ಮನೆಯೊಂದು ಸುಡುತ್ತದೆ. ಈ ನಿಯಮ ಬಂದ ಮೇಲೆ ಆಟಕ್ಕೆ ಜೀವ ಬಂತು. ಹೊಡೆಯಲೋ ಬೇಡವೋ ಎಂದು ಮಕ್ಕಳು ಕವಡೆ ಹಿಡಿದು ಯೋಚಿಸುತ್ತಾರೆ.

ಕಡಿಮೆ ತೂಕದ ಕೂಸುಗಳೆಲ್ಲ ಒಂದೇ ಬಗೆಯವಲ್ಲ ಎಂಬುದು ಇನ್ನೊಂದು ತೊಡಕು. ಕೆಲವು ದಿನ ತುಂಬುವ ಮೊದಲೇ ಹುಟ್ಟಿದವು. ನಮ್ಮ ದೇಶದಲ್ಲಿ ದಿನ ತುಂಬಿಯೂ ಸಣಕಲಾಗಿ ಹುಟ್ಟುವವೂ ಬಹಳ. ಗರ್ಭದ ಕೊನೆಯ ಮೂರು ತಿಂಗಳಲ್ಲೇ ತಾಯಿಯ ಐಜಿಜಿ ಪ್ರತಿಕಾಯಗಳ ಹೆಚ್ಚಿನ ಪಾಲು ಮಗುವಿಗೆ ದಾಟುವುದು. ವೈರಾಣುಗಳಿಗೆ ಅಂಟಿಕೊಳ್ಳುವ ಎಸ್‌ಪಿ-ಎ, ಎಸ್‌ಪಿ-ಡಿ ಪ್ರೋಟೀನುಗಳು ಶ್ವಾಸಕೋಶದಲ್ಲಿ ಹೆಚ್ಚುವುದೂ ಆಗಲೇ. ಬೇಗ ಹುಟ್ಟಿದ ಕೂಸಿಗೆ ಈ ರಕ್ಷಣೆ ಪೂರ್ತಿ ಸಿಗದು. ಹಾಗಾಗಿ ಮೊದಲ ಬಗೆಯ ಕೂಸಿನ ಮಣೆಯಿಂದ, ಕಾಯಿಗೆ ಹೊಡೆತ ಬೀಳದ ಕಟ್ಟೆಮನೆಗಳನ್ನು ತೆಗೆದುಹಾಕಿದ್ದೇನೆ. ಎರಡನೆಯ ಬಗೆಯದು ಸದ್ಯಕ್ಕೆ ಪೆನ್ಸಿಲ್ ಗೆರೆಯಲ್ಲೇ ಇದೆ.

ಬಿಸಿಜಿ ಚೀಟಿಯ ಕುರಿತು ಮನೆಯಲ್ಲಿ ಜಗಳವೇ ಆಯಿತು. ಕ್ಷಯಕ್ಕೆಂದು ಹಾಕುವ ಈ ಲಸಿಕೆ ಹುಟ್ಟಿನಿಂದಲೇ ಬರುವ ಸಹಜ ರೋಗನಿರೋಧಕ ಕೋಶಗಳನ್ನೂ ಪಳಗಿಸಬಲ್ಲದು. ಪಶ್ಚಿಮ ಆಫ್ರಿಕಾದ ಗಿನಿ-ಬಿಸ್ಸಾವಿನಲ್ಲಿ ಕಡಿಮೆ ತೂಕದ ಕೂಸುಗಳಿಗೆ ಹುಟ್ಟಿದೊಡನೆ ಕೊಟ್ಟಾಗ ಮೊದಲ ತಿಂಗಳ ಸಾವುಗಳು ತಗ್ಗಿದವು. ಆದರೆ ದಕ್ಷಿಣ ಭಾರತದಲ್ಲಿ 2,000 ಗ್ರಾಂಗಿಂತ ಕಡಿಮೆ ತೂಕದವರಿಗೆ ರಷ್ಯನ್ ತಳಿಯ ಬಿಸಿಜಿ ಕೊಟ್ಟ ಪ್ರಯೋಗಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಚೀಟಿಯನ್ನೇ ಕೈಬಿಡು ಎಂದ ತಮ್ಮ. ನಾನು ಉಳಿಸಿಕೊಂಡೆ, ಫಲವನ್ನು ಮಾತ್ರ ಕವಡೆಗೆ ಬಿಟ್ಟೆ.

ಇನ್ನು ಗಿಣ್ಣುಹಾಲಿನ ಚೀಟಿ. ತಾಯಿಯ ಮೊದಲ ಹಾಲಿನ ಲ್ಯಾಕ್ಟೋಫೆರಿನ್ ಹಲವು ವೈರಾಣುಗಳು ಕೋಶಕ್ಕೆ ಅಂಟದಂತೆ ತಡೆಯುತ್ತದೆ, ಜೊತೆಗೆ ಐಜಿಎ ಪ್ರತಿಕಾಯಗಳೂ ಇರುತ್ತವೆ. ಸದ್ಯ ಈ ಚೀಟಿ ಉಳಿದ ಚೀಟಿಗಳ ಕಟ್ಟಿನಲ್ಲಿ ಸೇರಿದೆ, ತಡವಾಗಿ ಬಂದರೆ ಆರ್‌ಎಸ್‌ವಿ ಗೆದ್ದುಬಿಡುತ್ತದೆ. ಹುಟ್ಟಿದ ಮೊದಲ ಗಂಟೆಯಲ್ಲೇ ಹಾಲೂಡಿಸಬೇಕೆಂಬ ಸಲಹೆಯಂತೆ, ಮುಂದಿನ ಆವೃತ್ತಿಯಲ್ಲಿ ಈ ಚೀಟಿ ಆರಂಭದಲ್ಲೇ ದೇಹದ ಕಡೆಯವರ ಕೈಯಲ್ಲಿರುತ್ತದೆ.